ಮನೆಯಲ್ಲಿ ಓಲ್ಡ್ ಫ್ಯಾಷನ್ಡ್ ಮಾಡಿದೆ, ಪಾನಕದ ಹಾಗೆ ಬಂತು. ಎಲ್ಲಿ ತಪ್ಪಿದೆ?

ತಿಪಟೂರು ತೆಂಗು

ಎಲ್ಲರಿಗೂ ನಮಸ್ಕಾರ. ಈ ತಿಂಗಳ ಕೊನೆಗೆ ಅಪ್ಪ ರಿಟೈರ್ ಆಗುತ್ತಿದ್ದಾರೆ. 35 ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವರು. ಅವರಿಗಿರುವ ಒಂದೇ ಅಭ್ಯಾಸ ಶನಿವಾರ ರಾತ್ರಿ ಒಂದು ಲಾರ್ಜ್ ವಿಸ್ಕಿ. ಲೋಟದ ಹೊರಗೆ ಬೆರಳಿಟ್ಟು ಅಳೆಯುತ್ತಾರೆ. ಎರಡು ಬೆರಳು ವಿಸ್ಕಿ, ಒಂದು ಬೆರಳು ನೀರು. ನಾನು ಚಿಕ್ಕವನಿದ್ದಾಗಿನಿಂದ ನೋಡುತ್ತಿದ್ದೇನೆ, ಒಂದು ದಿನವೂ ಹೆಚ್ಚುಕಮ್ಮಿ ಆಗಿಲ್ಲ.

ಹೋದ ತಿಂಗಳು ಆಫೀಸಿನವರ ಜೊತೆ ಬೆಂಗಳೂರಿನ ಒಂದು ಬಾರಿಗೆ ಹೋಗಿದ್ದೆ. ಅಲ್ಲಿ ಓಲ್ಡ್ ಫ್ಯಾಷನ್ಡ್ ಎಂಬ ವಿಸ್ಕಿ ಕಾಕ್‌ಟೇಲ್ ಕುಡಿದೆ. ಲೋಟದಲ್ಲಿ ಒಂದೇ ಒಂದು ದೊಡ್ಡ ಐಸ್ ತುಂಡು, ಮೇಲೆ ಕಿತ್ತಳೆ ಸಿಪ್ಪೆ. ವಿಸ್ಕಿಯ ರುಚಿ ಹಾಗೇ ಇತ್ತು, ಗಂಟಲು ಕೆರೆಯುವುದು ಮಾತ್ರ ಹೋಗಿತ್ತು. ಅಪ್ಪನಿಗೆ ಇದು ಖಂಡಿತ ಹಿಡಿಸುತ್ತದೆ ಅನ್ನಿಸಿತು. ಅವರು ಬಾರಿಗೆ ಬರುವವರಲ್ಲ. ಹಳೇ ವಿದ್ಯಾರ್ಥಿಗಳು ಸಿಗುತ್ತಾರೆ ಎಂಬ ಸಂಕೋಚ. ಹಾಗಾಗಿ ಮನೆಯಲ್ಲೇ ನಾನೇ ಕೈಯಾರೆ ಮಾಡಿಕೊಡಬೇಕು ಅಂತ ಆಸೆ.

ನಿನ್ನೆ ಮಾಡಿ ನೋಡಿದೆ. 60 ಎಂ.ಎಲ್ ವಿಸ್ಕಿ, ಎರಡು ಚಮಚ ಸಕ್ಕರೆ, ಬಿಟರ್ಸ್ (ಬೇರು, ಮಸಾಲೆ ನೆನೆಸಿದ ಕಹಿ ಮದ್ಯ) ಎರಡು ಹನಿ, ಅರ್ಧ ಕಿತ್ತಳೆಯ ರಸ, ಫ್ರಿಜ್ಜಿನ ಟ್ರೇ ಐಸ್ ಐದಾರು. ಸಕ್ಕರೆ ತಳದಲ್ಲಿ ಮರಳಿನ ಹಾಗೆ ಕೂತಿತು. ಮೊದಲ ಗುಟುಕು ಖಾರ, ಕೊನೆಯ ಗುಟುಕು ಪಾನಕ. ಹತ್ತು ನಿಮಿಷಕ್ಕೆ ಐಸೆಲ್ಲ ಕರಗಿ ನೀರು ನೀರು. ಬಿಟರ್ಸ್ ಅಂತೂ ದುಡ್ಡು ಕೊಟ್ಟು ಅಂಗೋಸ್ಟುರಾ ಕಂಪನಿಯದ್ದೇ ತಂದಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ಕೌಂಟರ್ ಕಿಟ್ಟಿ

ತೆಂಗು ಅವರೇ, ನಾನು ಮಂಗಳೂರಿನವನು. 11 ವರ್ಷದಿಂದ ಬಾರ್ ಕೌಂಟರಿನಲ್ಲೇ ಕೆಲಸ. ನೀವು ಹಾಕಿದ ಸಾಮಾನೆಲ್ಲ ಹತ್ತಿರ ಹತ್ತಿರ ಸರಿ ಉಂಟು. ಅಳತೆ ಮತ್ತು ಕ್ರಮ ಮಾತ್ರ ತಪ್ಪಿದೆ.

ಮೊದಲು ಕಿತ್ತಳೆ ರಸ ಬಿಟ್ಟುಬಿಡಿ. ಈ ಡ್ರಿಂಕಿಗೆ ಹಣ್ಣಿನ ಸಿಪ್ಪೆ ಬೇಕು, ರಸ ಬೇಡ. ಸಕ್ಕರೆ ಎರಡು ಚಮಚ ಅಂದರೆ ಕಾಫಿಗೂ ಜಾಸ್ತಿ ಅಲ್ವಾ? ಒಂದು ಸಣ್ಣ ಟೀ ಚಮಚ, ಅದೂ ತಲೆ ಸವರಿ. ಇನ್ನು ಬಿಟರ್ಸ್. ಇದರಲ್ಲಿ ತುಂಬಾ ಜನ ಎಡವುತ್ತಾರೆ. ಪುಸ್ತಕದಲ್ಲಿ ಎರಡು ಡ್ಯಾಶ್ ಅಂತ ಬರೆದಿರುತ್ತದೆ. ಡ್ಯಾಶ್ ಅಂದರೆ ಹನಿ ಅಲ್ಲ. ಬಾಟಲಿ ತಲೆಕೆಳಗೆ ಹಿಡಿದು ಒಮ್ಮೆ ಜೋರಾಗಿ ಕೊಡವಿದರೆ ಬೀಳುವಷ್ಟು. ಅದು 1 ಎಂ.ಎಲ್‌ಗೆ ಸ್ವಲ್ಪ ಕಡಿಮೆ. ಎರಡು ಹನಿ ಹಾಕಿದರೆ ಪಾತ್ರೆ ತುಂಬ ಸಾರಿಗೆ ಎರಡು ಕಾಳು ಸಾಸಿವೆ ಒಗ್ಗರಣೆ ಕೊಟ್ಟ ಹಾಗೆ.

ನಾನು ಮಾಡುವುದು ಹೀಗೆ. ಲೋಟಕ್ಕೆ ಸಕ್ಕರೆ ಹಾಕಿ, ಅದರ ಮೇಲೆ ಬಿಟರ್ಸ್ ಎರಡು ಸಲ ಕೊಡವಿ, ಒಂದು ಚಮಚ ನೀರು ಹಾಕಿ. ಚಮಚದ ಬೆನ್ನಿನಿಂದ ತಿಕ್ಕಿ. ಮೊದಲು ಕರಕರ ಅನ್ನುತ್ತದೆ. ಆ ಸದ್ದು ಪೂರ್ತಿ ನಿಲ್ಲುವವರೆಗೆ ತಿಕ್ಕಿ. ಸದ್ದು ನಿಂತರೆ ಕರಗಿತು ಅಂತ ಲೆಕ್ಕ, ಕಣ್ಣಿಗಿಂತ ಕಿವಿಯನ್ನು ನಂಬಿ. ಆಮೇಲೆ 60 ವಿಸ್ಕಿ. ಆಮೇಲೆ ಐಸ್. ಸುಮಾರು ಅರ್ಧ ನಿಮಿಷ ಕಲಕಿ.

ಮನೆಯಲ್ಲಾದರೆ ಇದನ್ನೆಲ್ಲ ಒಂದು ಸ್ಟೀಲ್ ಚೊಂಬಿನಲ್ಲಿ ಮಾಡಿ. ತೆಳು ಸ್ಟೀಲ್ ಬೇಗ ತಣ್ಣಗಾಗುತ್ತದೆ, ದಪ್ಪ ಗಾಜಿನ ಹಾಗೆ ತಂಪನ್ನು ತಾನೇ ಹೀರಿಕೊಳ್ಳುವುದಿಲ್ಲ. ಚೊಂಬಿನ ಹೊರಗೆ ಮಂಜು ಕಟ್ಟಿದರೆ ಆಯ್ತು. ಟೀ ಸೋಸುವ ಜಾಲರಿಯಲ್ಲಿ ಸೋಸಿ, ಹೊಸ ಐಸ್ ಇರುವ ಲೋಟಕ್ಕೆ ಹಾಕಿ. ಚೊಂಬಿನ ಹಳೇ ಐಸ್ ಮತ್ತೆ ಹಾಕಬೇಡಿ.

ಇದನ್ನು ಶೇಕ್ ಮಾಡುವ ಹಾಗಿಲ್ಲ ಮಾರಾಯ್ರೆ. ನಿಂಬೆರಸ, ಮೊಟ್ಟೆ, ಹಾಲು ಇದ್ದರೆ ಶೇಕ್. ಬರೀ ಮದ್ಯ ಇದ್ದರೆ ಕಲಕುವುದು. ಶೇಕ್ ಮಾಡಿದರೆ ಗಾಳಿ ಸೇರಿ ಮಬ್ಬಾಗುತ್ತದೆ, ಐಸ್ ಚೂರಾಗಿ ನೀರೂ ಜಾಸ್ತಿ ಬಿಡುತ್ತದೆ.

ನೀರೇ ಸಾಕು

ನನ್ನದು ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ತಂದೆಯವರು ಮಾಡುತ್ತಿರುವುದೇ ಸರಿ. ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿಟ್ಟು ಮಾಗಿಸಿದ್ದಕ್ಕೆ ಸಕ್ಕರೆ ಸುರಿಯುವುದು ನನಗೆ ಒಪ್ಪಿಗೆ ಇಲ್ಲ. ಮಾಡಿದವರ ಶ್ರಮಕ್ಕೆ ಬೆಲೆ ಕೊಟ್ಟ ಹಾಗೆ ಆಗುವುದಿಲ್ಲ. ಒಳ್ಳೆಯ ವಿಸ್ಕಿಗೆ ನೀರು ಬಿಟ್ಟರೆ ಇನ್ನೇನೂ ಬೇಡ. ಸುಮ್ನೆ ಒಂದು ಒಳ್ಳೆಯ ಬಾಟಲಿ ಉಡುಗೊರೆ ಕೊಡಿ.

ಒಹಾಯೋ ದಂಡೆ

ನಾನಿರುವುದು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ಊರು ಹಾಸನ. ಈ ಡ್ರಿಂಕಿನ ಮೇಲೆ ಇಲ್ಲಿನವರಿಗೆ ತುಂಬಾ ಅಭಿಮಾನ. ಹದಿನೈದು ದಿನ ಇದರ ಹೆಸರಿನಲ್ಲೇ ಹಬ್ಬದ ಹಾಗೆ ನಡೆಯುತ್ತದೆ.

‘ನೀರೇ ಸಾಕು’ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 1806ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಗೆ ಓದುಗರೊಬ್ಬರು ಕಾಕ್‌ಟೇಲ್ ಅಂದರೆ ಏನು ಎಂದು ಕೇಳಿ ಬರೆದರು. ಸಂಪಾದಕರು ಕೊಟ್ಟ ಉತ್ತರದಲ್ಲಿ ಇದ್ದದ್ದು ನಾಲ್ಕೇ ಸಾಮಾನು. ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್. ನೋಡಿ, ನೀರಿನ ಹೆಸರು ಬಿಟ್ಟಿಲ್ಲ. ಕಾಕ್‌ಟೇಲ್ ಎಂಬ ಮಾತಿಗೆ ಅಚ್ಚಿನಲ್ಲಿ ಸಿಕ್ಕಿರುವ ಮೊದಲ ವಿವರಣೆ ಎಂದು ಇದನ್ನೇ ಎಲ್ಲರೂ ಹೇಳುತ್ತಾರೆ.

ಆಮೇಲೆ ಬಾರಿನವರು ಇದಕ್ಕೆ ಆಬ್ಸಿಂತ್ ಎಂಬ ಸೋಂಪಿನ ಮದ್ಯ, ಕಿತ್ತಳೆಯ ಸಿಹಿ ಮದ್ಯ, ಇನ್ನೇನೇನೋ ಸೇರಿಸತೊಡಗಿದರು. ಹಳಬರಿಗೆ ಅದು ಹಿಡಿಸಲಿಲ್ಲ. ನನಗೆ ಹಳೇ ಪದ್ಧತಿಯದ್ದೇ ಕೊಡಿ ಅಂದರು. ಹಾಗೆ ಬಂದ ಹೆಸರು ಓಲ್ಡ್ ಫ್ಯಾಷನ್ಡ್. ಇಲ್ಲಿನ ಪೆಂಡೆನಿಸ್ ಕ್ಲಬ್ಬಿನಲ್ಲೇ ಇದು ಹುಟ್ಟಿತು ಎಂದು ನಮ್ಮೂರಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕ್ಲಬ್ ಶುರುವಾದದ್ದು 1881ರಲ್ಲಿ. 1880ರಲ್ಲೇ ಶಿಕಾಗೋದ ಪತ್ರಿಕೆಯಲ್ಲಿ ಈ ಹೆಸರು ಬಂದಿದೆ.

ಇಲ್ಲಿ ಇದಕ್ಕೆ ಹಾಕುವುದು ಬೂರ್ಬನ್ ವಿಸ್ಕಿ, ಇಲ್ಲವೇ ರೈ ಎಂಬ ಕಾಳಿನ ವಿಸ್ಕಿ. ಬೂರ್ಬನ್ ಎಂದು ಕರೆಯಬೇಕಾದರೆ ಕಾಳಿನ ಮಿಶ್ರಣದಲ್ಲಿ ಕಡಿಮೆ ಎಂದರೂ 51% ಮೆಕ್ಕೆಜೋಳ ಇರಬೇಕು. ಒಳಗೆ ಸುಟ್ಟು ಕರಿ ಹಿಡಿಸಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಆ ಸುಟ್ಟ ಮರದಿಂದಲೇ ವೆನಿಲ್ಲಾ, ಕಾಸಿದ ಸಕ್ಕರೆಯ ಪರಿಮಳ ಬರುತ್ತದೆ. ಹಾಗಾಗಿ ಬೂರ್ಬನ್‌ಗೆ ಸಕ್ಕರೆ ಇನ್ನೂ ಕಡಿಮೆ ಸಾಕು. ರೈ ಖಾರ, ಅದಕ್ಕೆ ಸ್ವಲ್ಪ ಜಾಸ್ತಿ ನಡೆಯುತ್ತದೆ.

ಇನ್ನೊಂದು ವಿಷಯ. ವಿಸ್ಕಾನ್ಸಿನ್ ರಾಜ್ಯಕ್ಕೆ ಹೋಗಿ ಓಲ್ಡ್ ಫ್ಯಾಷನ್ಡ್ ಕೇಳಿದರೆ ಬ್ರ್ಯಾಂಡಿಯಲ್ಲಿ ಮಾಡಿ, ಕಿತ್ತಳೆ ಹೋಳು, ಚೆರ್ರಿ ಜಜ್ಜಿ ಹಾಕಿ, ಮೇಲೆ ಸೋಡಾ ಸುರಿದು ಕೊಡುತ್ತಾರೆ. ಅಲ್ಲಿನವರಿಗೆ ಅದೇ ಸರಿ. ಬ್ರ್ಯಾಂಡಿ ಇಷ್ಟಪಡುವ ಕನ್ನಡಿಗರು ನಮ್ಮಲ್ಲೂ ಬೇಕಾದಷ್ಟು ಇದ್ದಾರಲ್ಲ, ಅವರು ಮಾಡಿ ನೋಡಬಹುದು.

ಶಿರಸಿ ಕೊಪ್ಪರಿಗೆ

ಚೆರ್ರಿ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನಮ್ಮ ಬೇಕರಿಗಳಲ್ಲಿ ಸಿಗುವ ಕೆಂಪು ಚೆರ್ರಿ ಬಹಳ ಸಲ ಚೆರ್ರಿಯೇ ಅಲ್ಲ. ಕವಳೆ ಹಣ್ಣಿಗೆ ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ಅದ್ದಿದ್ದು. ನಮ್ಮ ಬೆಟ್ಟದಲ್ಲಿ ಮುಳ್ಳಿನ ಮಧ್ಯೆ ಬೆಳೆಯುವ ಅದೇ ಕವಳೆ. ಅದನ್ನು ಈ ಡ್ರಿಂಕಿಗೆ ಹಾಕಬೇಡಿ, ಬಣ್ಣ ಬಿಡುತ್ತದೆ, ಸಿಹಿಯೂ ಜಾಸ್ತಿ.

ಸಕ್ಕರೆಯ ಬದಲಿಗೆ ಜೋನಿ ಬೆಲ್ಲ ಹಾಕಿ ನೋಡಿ. ನಮ್ಮ ಕಡೆ ಆಲೆಮನೆಯಲ್ಲಿ ಗಟ್ಟಿಯಾಗುವ ಮೊದಲೇ ಇಳಿಸಿ ಡಬ್ಬಕ್ಕೆ ತುಂಬುವ ಬೆಲ್ಲ. ಜೇನಿನ ಹಾಗೆ ಸುರಿಯುತ್ತದೆ. ಮೊದಲೇ ಕರಗಿರುವುದರಿಂದ ತಿಕ್ಕುವ ಕೆಲಸವೇ ಇಲ್ಲ. ಒಂದು ಚಮಚ ಜೋನಿ ಬೆಲ್ಲಕ್ಕೆ ಅರ್ಧ ಚಮಚ ಬಿಸಿನೀರು ಹಾಕಿ ಸಡಿಲ ಮಾಡಿಕೊಳ್ಳಿ. ಅದರಲ್ಲಿ ಅರ್ಧವೇ ಒಂದು ಲೋಟಕ್ಕೆ ಸಾಕು. ಸಕ್ಕರೆಯಲ್ಲಿ ಬರೀ ಸಿಹಿ. ಇದರಲ್ಲಿ ಸ್ವಲ್ಪ ಉಪ್ಪಿನ ಅಂಶ, ಸ್ವಲ್ಪ ಹೊಗೆಯ ವಾಸನೆ ಇರುತ್ತದೆ. ಬಿಟರ್ಸಿನ ಲವಂಗ, ಚಕ್ಕೆಯ ಪರಿಮಳಕ್ಕೆ ಅದು ತುಂಬಾ ಹೊಂದುತ್ತದೆ. ಡ್ರಿಂಕ್ ಸ್ವಲ್ಪ ಮಬ್ಬಾಗುತ್ತದೆ, ಪರವಾಗಿಲ್ಲ.

ಮಂಡ್ಯ ಕಬ್ಬು

ಜೋನಿ ಬೆಲ್ಲ ಸಿಗದಿದ್ದರೆ ಅಚ್ಚು ಬೆಲ್ಲ ಎರಡು ಪಾಲು, ನೀರು ಒಂದು ಪಾಲು. ಕುದಿಸಿ, ಬಟ್ಟೆಯಲ್ಲಿ ಸೋಸಿ. ಬಿಳಿಬಿಳಿ ಇರುವ ಬೆಲ್ಲ ಬೇಡ, ಕಪ್ಪಗಿರುವುದನ್ನೇ ತನ್ನಿ.

ಧಾರವಾಡದ ಪಿಪೆಟ್

ಕಾಲೇಜಿನಾಗ ಕೆಮಿಸ್ಟ್ರಿ ಕಲಿಸ್ತೀನ್ರಿ. ತೆಂಗು ಅವರ ಎರಡು ಪ್ರಶ್ನೆಗೆ ಉತ್ತರ ಒಂದೇ ಜಾಗದಲ್ಲಿದೆ, ನೀರಿನಲ್ಲಿ.

ಸಕ್ಕರೆ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. 100 ಎಂ.ಎಲ್ ನೀರಿಗೆ ಸುಮಾರು 200 ಗ್ರಾಂ ಹಿಡಿಯುತ್ತದೆ. ಶುದ್ಧ ಆಲ್ಕೋಹಾಲಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ವಿಸ್ಕಿ ಇವೆರಡರ ಮಿಶ್ರಣ. ಅದರಲ್ಲಿ ನಿಧಾನ. ಐಸ್ ಹಾಕಿ ತಣ್ಣಗೆ ಮಾಡಿದರೆ ಇನ್ನೂ ನಿಧಾನ. ನೀವು ತಣ್ಣಗಿನ ವಿಸ್ಕಿಗೆ ಸಕ್ಕರೆ ಹಾಕಿದ್ದೀರಿ, ಅದು ತಳ ಹಿಡಿಯದೆ ಇನ್ನೇನು ಮಾಡೀತು? ಅದಕ್ಕೇ ಕಿಟ್ಟಿ ಅವರು ಮೊದಲು ನೀರಿನಲ್ಲಿ ಕರಗಿಸಿ ಅಂದದ್ದು.

ಎರಡನೆಯದು ಐಸ್. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಂಪು ಮಾಡಲು ಒಂದು ಕ್ಯಾಲೊರಿ ಶಾಖ ತೆಗೆಯಬೇಕು. ಒಂದು ಗ್ರಾಂ ಐಸ್ ಕರಗುವಾಗ 80 ಕ್ಯಾಲೊರಿ ಎಳೆದುಕೊಳ್ಳುತ್ತದೆ. ಅಂದರೆ ಡ್ರಿಂಕನ್ನು ತಂಪು ಮಾಡುವುದು ಹೆಚ್ಚಾಗಿ ಐಸ್ ಕರಗುವ ಕ್ರಿಯೆ. ಕರಗದೆ ತಂಪಿಲ್ಲ, ಕರಗಿದರೆ ನೀರು ಬಂದೇ ಬರುತ್ತದೆ. ಆ ನೀರನ್ನು ಕೇಡು ಅಂತ ತಿಳಿಯಬೇಡಿ, ಅದೂ ಒಂದು ಸಾಮಾನು. ಎಷ್ಟು ಬರಬೇಕು ಅನ್ನುವುದೇ ಲೆಕ್ಕ.

ಲೆಕ್ಕ ಮಾಡೋಣ. ನಮ್ಮ ದೇಶದ ವಿಸ್ಕಿ ಸಾಮಾನ್ಯವಾಗಿ 42.8%. 60 ಎಂ.ಎಲ್‌ನಲ್ಲಿ ಆಲ್ಕೋಹಾಲ್ 25.7 ಎಂ.ಎಲ್. ಸಕ್ಕರೆ, ಒಂದು ಚಮಚ ನೀರು, ಬಿಟರ್ಸ್ ಸೇರಿ ಸುಮಾರು 8 ಎಂ.ಎಲ್. ಫ್ರೀಜರಿನಿಂದ ಆಗಷ್ಟೇ ತೆಗೆದ, ಮೈ ಒದ್ದೆಯಾಗದ ಐಸಿನಲ್ಲಿ ಅರ್ಧ ನಿಮಿಷ ಕಲಕಿದರೆ 15ರಿಂದ 20 ಎಂ.ಎಲ್ ನೀರು ಸೇರುತ್ತದೆ. ಒಟ್ಟು 85ರ ಆಚೀಚೆ. ಆಲ್ಕೋಹಾಲ್ ಪ್ರಮಾಣ ಸುಮಾರು 30%.

ಈಗ ನಿಮ್ಮ ತಂದೆಯವರ ಲೆಕ್ಕ ನೋಡಿ. ಎರಡು ಬೆರಳು ವಿಸ್ಕಿ 60 ಅಂದುಕೊಂಡರೆ ಒಂದು ಬೆರಳು ನೀರು 30. ಒಟ್ಟು 90. ಆಲ್ಕೋಹಾಲ್ 28.5%. ಬಾರಿನವರು ಥರ್ಮಾಮೀಟರು, ಗಡಿಯಾರ ಇಟ್ಟುಕೊಂಡು ಮುಟ್ಟುವ ಜಾಗಕ್ಕೆ ನಿಮ್ಮ ತಂದೆ ಬೆರಳಿನಲ್ಲಿ ಅಳೆದು ಬಂದಿದ್ದಾರೆ. ಗಣಿತದ ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ.

ಐಸ್ ಹೊರಗಿಟ್ಟು ಒದ್ದೆಯಾದ ಮೇಲೆ ಹಾಕಿದರೆ ಈ ಲೆಕ್ಕ ಕೆಡುತ್ತದೆ. ಮೈಮೇಲಿನ ನೀರು ಸುಮ್ನೆ ಸೇರುತ್ತದೆ, ತಂಪು ಕೊಡುವುದಿಲ್ಲ.

ತಿಪಟೂರು ತೆಂಗು

ಮೇಷ್ಟ್ರೇ, ಇದನ್ನು ಓದಿ ನನಗೆ ಎಷ್ಟು ಖುಷಿ ಆಯ್ತು ಹೇಳಲಾರೆ. ಅಪ್ಪನಿಗೆ ಈಗಲೇ ಹೇಳುವುದಿಲ್ಲ, ಆ ದಿನವೇ ಹೇಳುತ್ತೇನೆ.

ಇವತ್ತು ಕಿಟ್ಟಿ ಅಣ್ಣ ಹೇಳಿದ ಹಾಗೆ ಮಾಡಿದೆ. ಕರಕರ ಸದ್ದು ನಿಲ್ಲುವುದಕ್ಕೆ ಎರಡು ನಿಮಿಷ ಹಿಡಿಯಿತು. ರಸ ಬಿಟ್ಟದ್ದಕ್ಕೇ ಅರ್ಧ ಸರಿ ಹೋಯ್ತು. ಅಳತೆಗೆ ಕೆಮ್ಮಿನ ಸಿರಪ್ಪಿನ ಮುಚ್ಚಳ ತೊಳೆದು ಇಟ್ಟುಕೊಂಡಿದ್ದೇನೆ, 10 ಎಂ.ಎಲ್ ಗೆರೆ ಇದೆ. ಆದರೆ ಬಾರಿನಲ್ಲಿ ಲೋಟ ಬಾಯಿಗೆ ತರುವ ಮೊದಲೇ ಕಿತ್ತಳೆ ವಾಸನೆ ಬಂದಿತ್ತು. ನನ್ನದರಲ್ಲಿ ಇಲ್ಲ. ಸಿಪ್ಪೆ ಹಾಕಿದ್ದೇನೆ, ಆದರೂ ಇಲ್ಲ.

ಹೇರಳೆ ಗಿಡ

ಸಿಪ್ಪೆ ಹಾಕಿದ್ದೀರಿ, ಹಿಂಡಿಲ್ಲ. ಅಲ್ವಾ?

ಕಿತ್ತಳೆಯ ಪರಿಮಳ ಇರುವುದು ಸಿಪ್ಪೆಯ ಹೊರಮೈಯಲ್ಲಿ, ಎಣ್ಣೆಯ ರೂಪದಲ್ಲಿ. ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ಒಂದೊಂದೂ ಒಂದು ಎಣ್ಣೆ ಚೀಲ. ಅದು ಒಡೆಯಬೇಕು. ಚಿಕ್ಕವರಿದ್ದಾಗ ಕಿತ್ತಳೆ ಸಿಪ್ಪೆ ಮಡಚಿ ಒಬ್ಬರ ಕಣ್ಣಿಗೊಬ್ಬರು ಚಿಮ್ಮಿಸುತ್ತಿದ್ದೆವಲ್ಲ, ಅದೇ ಕೆಲಸ.

ತರಕಾರಿ ಹೆರೆಯುವ ಪೀಲರಿನಲ್ಲಿ ಹೆಬ್ಬೆಟ್ಟಿನ ಅಗಲ, ಎರಡು ಇಂಚು ಉದ್ದ ತೆಗೆಯಿರಿ. ಒಳಗಿನ ಬಿಳಿ ಭಾಗ ಆದಷ್ಟು ಕಡಿಮೆ ಇರಲಿ, ಅದು ಕಹಿ. ಹೊರಮೈ ಲೋಟದ ಕಡೆ ಇರುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಮಡಚಿ ಹಿಂಡಿ. ಲೋಟದ ಮೇಲೆ ತೆಳುವಾಗಿ ಎಣ್ಣೆ ಪಸೆ ಹರಡುವುದು ಓರೆಯಾಗಿ ನೋಡಿದರೆ ಕಾಣುತ್ತದೆ. ಆಮೇಲೆ ಸಿಪ್ಪೆಯನ್ನು ಲೋಟದ ಅಂಚಿಗೆ ಒಂದು ಸುತ್ತು ಸವರಿ ಒಳಗೆ ಬಿಡಿ. ಮೂಗಿಗೆ ಮೊದಲು ಸಿಗುವುದು ಅದೇ.

ಯಾವ ಹಣ್ಣು ಅನ್ನುವುದು ಮುಖ್ಯ. ಕೊಡಗಿನ ಕಿತ್ತಳೆ ತಿನ್ನಲು ನನಗೆ ಪ್ರಾಣ, ಆದರೆ ಅದರ ಸಿಪ್ಪೆ ಸಡಿಲ, ತೆಳು. ಪೀಲರಿಗೆ ಸಿಗುವುದಿಲ್ಲ, ಚಾಕುವಿನಲ್ಲಿ ಬಿಡಿಸಿಕೊಳ್ಳಬೇಕು. ನಾಗಪುರದ್ದೂ ಹಾಗೇ. ಸಿಪ್ಪೆ ಅಂಟಿಕೊಂಡಿರುವ ಹೊರದೇಶದ ಕಿತ್ತಳೆ ಇದಕ್ಕೆ ಸುಲಭ. ಅದಕ್ಕೆ ಮೇಣ ಹಚ್ಚಿರುತ್ತಾರೆ, ಬಿಸಿನೀರಿನಲ್ಲಿ ಒರಟು ಬಟ್ಟೆ ಹಿಡಿದು ತಿಕ್ಕಿ ತೊಳೆಯಿರಿ.

ನಾನಿರುವುದು ಮೈಸೂರಿನಲ್ಲಿ. ಹಿತ್ತಲಲ್ಲಿ ಹೇರಳೆ ಗಿಡ ಇದೆ. ಅಮ್ಮ ಅದರಲ್ಲಿ ಚಿತ್ರಾನ್ನ ಮಾಡುತ್ತಾರೆ, ಉಪ್ಪಿನಕಾಯಿ ಹಾಕುತ್ತಾರೆ. ಅದರ ಸಿಪ್ಪೆಯನ್ನು ಒಮ್ಮೆ ವಿಸ್ಕಿಗೆ ಹಿಂಡಿ ನೋಡಿದೆ. ಅವತ್ತಿನಿಂದ ಕಿತ್ತಳೆ ಬಿಟ್ಟಿದ್ದೇನೆ. ಪರಿಮಳ ತುಂಬಾ ಜೋರು, ಹಾಗಾಗಿ ಉಗುರಿನಷ್ಟು ಸಿಪ್ಪೆ ಸಾಕು. ಹಿಂಡಿದ ಮೇಲೆ ಲೋಟಕ್ಕೆ ಬಿಡಬೇಡಿ, ಕಹಿ ಇಳಿಯುತ್ತದೆ.

ನೀರೇ ಸಾಕು

ಧಾರವಾಡದ ಮೇಷ್ಟ್ರ ಲೆಕ್ಕ ನನ್ನನ್ನು ಯೋಚನೆಗೆ ಹಚ್ಚಿದೆ. ಆದರೂ ಸಕ್ಕರೆ ಯಾಕೆ ಅನ್ನುವ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಕೌಂಟರ್ ಕಿಟ್ಟಿ

ನಾನು ಕೊಡುತ್ತೇನೆ ಸರ್. ಸಿಹಿ ಮಾಡಲಿಕ್ಕೆ ಅಂತ ಹಾಕುವುದಲ್ಲ. ಗೊಜ್ಜಿಗೆ ಒಂದು ತುಂಡು ಬೆಲ್ಲ ಹಾಕುತ್ತಾರಲ್ಲ, ಅದಕ್ಕೆ ಹಾಕುವುದು. ಆ ಬೆಲ್ಲ ತೆಗೆದರೆ ಹುಳಿ, ಖಾರ, ಕಹಿ ಬೇರೆ ಬೇರೆ ನಿಂತುಬಿಡುತ್ತವೆ. ಹಾಕಿದರೆ ಕೂಡಿಕೊಳ್ಳುತ್ತವೆ. ಇಲ್ಲಿಯೂ ಬಿಟರ್ಸಿನ ಕಹಿಯನ್ನು ಹೊರುವುದು ಆ ಸಕ್ಕರೆ. ಕುಡಿದವರಿಗೆ ಸಿಹಿ ಎದ್ದು ಗೊತ್ತಾದರೆ ಹಾಕಿದವನದ್ದು ತಪ್ಪು ಅಂತಲೇ ನಾನು ಹೊಸ ಹುಡುಗರಿಗೆ ಹೇಳುವುದು.

ತಿಪಟೂರು ತೆಂಗು

ಒಂದು ಮಾತು ಕೇಳಬೇಕಿತ್ತು. ಅಪ್ಪನಿಗೆ ಎರಡು ವರ್ಷದಿಂದ ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಬೆಲ್ಲ ಹಾಕಿದರೆ ಪರವಾಗಿಲ್ಲವಾ?

ರಾಗಿಮುದ್ದೆ ಅಳತೆ

ನಾನು ಡಯಟೀಷಿಯನ್. ಬೆಲ್ಲ, ಸಕ್ಕರೆ, ಜೇನು ಮೂರೂ ಶುಗರಿಗೆ ಒಂದೇ, ಬೆಲ್ಲ ಒಳ್ಳೆಯದು ಎಂದು ನಂಬಬೇಡಿ. ಆದರೆ ಇಲ್ಲಿ ಸಕ್ಕರೆಗಿಂತ ದೊಡ್ಡ ವಿಷಯ ಬೇರೆ ಇದೆ. ಕೆಲವು ಶುಗರ್ ಮಾತ್ರೆ, ಇನ್ಸುಲಿನ್ ಜೊತೆ ಮದ್ಯ ಸೇರಿದರೆ ರಾತ್ರಿ ಹೊತ್ತು ಶುಗರ್ ತೀರಾ ಇಳಿದುಬಿಡಬಹುದು. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಇನ್ನೂ ಅಪಾಯ. ಅವರು ತೆಗೆದುಕೊಳ್ಳುವ ಮಾತ್ರೆಯ ಹೆಸರು ಹೇಳಿ ಅವರ ಡಾಕ್ಟರನ್ನು ಮೊದಲು ಕೇಳಿ. ಅವರು ಸರಿ ಎಂದರೆ ಊಟದ ಜೊತೆ, ಒಂದೇ ಒಂದು, ಕಾಲು ಚಮಚ ಸಕ್ಕರೆಯಲ್ಲಿ ಮಾಡಿಕೊಡಿ.

ಇನ್ನೊಂದು, ಮನೆಗೆ ಬಂದ ನೆಂಟರಿಗೂ ಕೊಡುವುದಾದರೆ ನೆನಪಿರಲಿ. ಸಿಪ್ಪೆ, ಪರಿಮಳ ಇದ್ದರೂ ಇದು ಒಂದು ಪೂರ್ತಿ ಲಾರ್ಜ್. ಕುಡಿದವರು ಗಾಡಿ ಮುಟ್ಟಬಾರದು.

ಕೆಂಗೇರಿ ಬಸ್ಸು

ಯಾವ ವಿಸ್ಕಿ ಅಂತ ಯಾರೂ ಮಾತಾಡಿಲ್ಲವಲ್ಲ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ನಮ್ಮ ವಿಸ್ಕಿಗಳು ಬಹಳಷ್ಟು ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ಸ್ವಲ್ಪ ಮಾಲ್ಟ್ (ಮೊಳಕೆ ಬಾರ್ಲಿಯ ವಿಸ್ಕಿ) ಸೇರಿಸಿ ಮಾಡಿದವು. ಯುರೋಪಿನ ಕಾನೂನಿನ ಪ್ರಕಾರ ಅವನ್ನು ವಿಸ್ಕಿ ಎಂದು ಮಾರುವ ಹಾಗಿಲ್ಲ, ಅಲ್ಲಿ ಕಾಳಿನಿಂದಲೇ ಮಾಡಬೇಕು. ಅಂಥದ್ದಕ್ಕೆ ಸಕ್ಕರೆ ಹಾಕಿದರೆ ಕಬ್ಬಿಗೆ ಕಬ್ಬು ಸೇರಿದ ಹಾಗೆ, ಸಿಹಿಯೇ ಮೇಲಾಗುತ್ತದೆ. ತೆಂಗು ಅವರಿಗೆ ಪಾನಕದ ಹಾಗೆ ಆಗಲು ಇದೂ ಒಂದು ಕಾರಣ ಇರಬಹುದು. ಅದನ್ನೇ ಹಾಕುವುದಾದರೆ ಸಕ್ಕರೆ ಅರ್ಧ ಮಾಡಿ, ಬಿಟರ್ಸ್ ಇನ್ನೊಂದು ಸಲ ಕೊಡವಿ.

ಸ್ವಲ್ಪ ಖರ್ಚು ಮಾಡುವುದಾದರೆ ನಮ್ಮ ಬೆಂಗಳೂರಿನ ಅಮೃತ್ ಇದೆ. 1948ರಲ್ಲಿ ಶುರುವಾದ ಡಿಸ್ಟಿಲರಿ. 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ. ವಿಸ್ಕಿಯ ತವರಿಗೇ ಹೋಗಿ ಇಟ್ಟರು, ಎಂಥ ಧೈರ್ಯ ನೋಡಿ. 2010ರಲ್ಲಿ ಅವರ ಫ್ಯೂಷನ್ ಎಂಬ ವಿಸ್ಕಿಗೆ ವಿಮರ್ಶಕ ಜಿಮ್ ಮರ್ರೆ ತಮ್ಮ ವಿಸ್ಕಿ ಬೈಬಲ್‌ನಲ್ಲಿ ಜಗತ್ತಿಗೇ ಮೂರನೇ ಸ್ಥಾನ ಕೊಟ್ಟರು. ಸ್ಕಾಟ್‌ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾಗಿ ಹೋಗುತ್ತದೆ. ಬೆಂಗಳೂರಿನ ಸೆಕೆಗೆ 10ರಿಂದ 12% ಹೋಗುತ್ತದೆ. ನಷ್ಟವೇ, ಆದರೆ ಅದೇ ಸೆಕೆ ಮರದ ಗುಣವನ್ನೂ ಬೇಗ ಎಳೆದುಕೊಡುತ್ತದೆ. ಹಾಗಾಗಿ ನಾಲ್ಕೈದು ವರ್ಷಕ್ಕೇ ಚೆನ್ನಾಗಿ ಮಾಗಿರುತ್ತದೆ. ಜೋನಿ ಬೆಲ್ಲದ ಜೊತೆ ಅದನ್ನು ಕುಡಿದು ನೋಡಿ. ಫ್ಯೂಷನ್ ಹಾಕಿದರೆ ಜಾಗ್ರತೆ, ಅದು 50%. ಮೇಷ್ಟ್ರ ಲೆಕ್ಕದ ಮೇಲೆ ಇನ್ನಷ್ಟು ನೀರು ಬೇಕು.

ಅವೆನ್ಯೂ ರೋಡ್ ಬೇರು

ನಮ್ಮದು ಗ್ರಂಧಿಗೆ ಅಂಗಡಿ. ಅಂಗೋಸ್ಟುರಾ ಬಾಟಲಿ ಒಮ್ಮೆ ಗ್ರಾಹಕರೊಬ್ಬರು ತಂದು, ಇದರ ಸಾಮಾನು ಕೊಡಿ, ಮನೆಯಲ್ಲೇ ಮಾಡುತ್ತೇನೆ ಅಂದರು. ಆವತ್ತಿನಿಂದ ಅದರ ಬಗ್ಗೆ ಓದುತ್ತಾ ಬಂದಿದ್ದೇನೆ. ಅದು ಮೊದಲು ಔಷಧಿಯೇ. ಯೋಹಾನ್ ಸೀಗರ್ಟ್ ಎಂಬ ಜರ್ಮನ್ ವೈದ್ಯ ವೆನೆಜುವೆಲಾದಲ್ಲಿ ಸ್ವಾತಂತ್ರ್ಯ ಹೋರಾಟದ ನಾಯಕ ಸಿಮೋನ್ ಬೊಲಿವಾರ್‌ನ ಸೈನ್ಯದಲ್ಲಿದ್ದ. ಸೈನಿಕರ ಹೊಟ್ಟೆನೋವಿಗೆಂದು 1824ರಲ್ಲಿ ಮಾಡಿದ. ಊರಿನ ಹೆಸರು ಅಂಗೋಸ್ಟುರಾ, ಈಗ ಅದು ಸಿಯುದಾದ್ ಬೊಲಿವಾರ್. ಮುಂದೆ ಅವರ ಮನೆಯವರು ವ್ಯಾಪಾರವನ್ನು ಟ್ರಿನಿಡಾಡ್‌ಗೆ ಒಯ್ದರು, ಈಗಲೂ ಅಲ್ಲೇ ಆಗುತ್ತದೆ. ಬಾಟಲಿಗಿಂತ ದೊಡ್ಡ ಕಾಗದ ಅಂಟಿಸಿರುವುದು ಅದರ ಗುರುತು. 44.7% ಆಲ್ಕೋಹಾಲ್ ಇದೆ. ಹಾಗಾಗಿ ಮದ್ಯ ಮುಟ್ಟದವರ ಶರಬತ್ತಿಗೆ ಇದನ್ನು ಕೊಡವಬೇಡಿ.

ಅದರಲ್ಲಿ ಕಹಿಗೆ ಇರುವುದು ಜೆನ್ಷಿಯನ್ ಬೇರು. ನಮ್ಮ ಅಂಗಡಿಯಲ್ಲಿರುವ ಕಿರಾತಕಡ್ಡಿ ಕೂಡ ಅದೇ ಕುಟುಂಬದ ಗಿಡ. ಜ್ವರಕ್ಕೆ ಕಷಾಯ ಮಾಡಿ ಕುಡಿಸುತ್ತಿದ್ದರಲ್ಲ, ಅದು. ಎರಡು ಕಡ್ಡಿ ಕಿರಾತ, ಒಂದು ತುಂಡು ಚಕ್ಕೆ, ನಾಲ್ಕು ಲವಂಗ, ಎರಡು ಏಲಕ್ಕಿ, ಒಣಗಿಸಿದ ಕಿತ್ತಳೆ ಸಿಪ್ಪೆ. ಇಷ್ಟನ್ನು 180 ಎಂ.ಎಲ್ ಕ್ವಾರ್ಟರ್ ವೋಡ್ಕಾದಲ್ಲಿ ಗಾಜಿನ ಸೀಸೆಗೆ ಹಾಕಿ ಒಂದು ವಾರ ಇಟ್ಟೆ. ಕಿರಾತವನ್ನು ಮಾತ್ರ ಎರಡನೇ ದಿನಕ್ಕೇ ತೆಗೆದುಬಿಟ್ಟೆ, ಇಲ್ಲದಿದ್ದರೆ ಬಾಯಿಗೆ ಇಡಲಾಗುವುದಿಲ್ಲ. ಚೆನ್ನಾಗಿ ಬಂತು. ಅಂಗೋಸ್ಟುರಾ ಅಲ್ಲ, ನಮ್ಮದೇ ಒಂದು. ಅಂಗಡಿಯವರು ಸಲಹೆ ಕೊಟ್ಟರು ಎಂದು ಗೊತ್ತಿಲ್ಲದ ಬೇರು, ತೊಗಟೆ ಹಾಕಬೇಡಿ. ಆಲ್ಕೋಹಾಲ್ ಎಲ್ಲವನ್ನೂ ಎಳೆಯುತ್ತದೆ, ಬೇಡದ್ದನ್ನೂ.

ತಿಪಟೂರು ತೆಂಗು

ಬಾಟಲಿ ಇದೆ, ಈ ಸಲ ಅದನ್ನೇ ಹಾಕುತ್ತೇನೆ ಸರ್. ಕೊನೆಯ ಪ್ರಶ್ನೆ, ಗಾಜಿನ ಹಾಗೆ ಕಾಣುವ ಆ ದೊಡ್ಡ ಐಸ್. ನೀರು ಕುದಿಸಿ ಇಟ್ಟೆ, ಎರಡು ಸಲ ಕುದಿಸಿ ಇಟ್ಟೆ. ನಡುವೆ ಬಿಳಿ ಹೋಗುತ್ತಿಲ್ಲ.

ಕೌಂಟರ್ ಕಿಟ್ಟಿ

ಕುದಿಸಿದರೆ ಹೋಗುವುದಿಲ್ಲ. ಟ್ರೇಯಲ್ಲಿ ನೀರು ಎಲ್ಲ ಕಡೆಯಿಂದ ಹೆಪ್ಪುಗಟ್ಟುತ್ತಾ ಬಂದು, ಗಾಳಿ ನಡುವೆ ಸಿಕ್ಕಿಬೀಳುತ್ತದೆ. ಆ ಬಿಳಿ ಅದೇ. ಒಂದೇ ಕಡೆಯಿಂದ ಹೆಪ್ಪುಗಟ್ಟುವ ಹಾಗೆ ಮಾಡಬೇಕು. ಮೀನಿನವರ ಹತ್ತಿರ ಇರುತ್ತದಲ್ಲ, ಥರ್ಮಾಕೋಲ್ ಡಬ್ಬ. ಹೊಸದು, ಸಣ್ಣದು ತನ್ನಿ. ಒಳಗೆ ಹಿಡಿಯುವಂಥ ಪ್ಲಾಸ್ಟಿಕ್ ಡಬ್ಬಕ್ಕೆ ನೀರು ತುಂಬಿ ಅದರೊಳಗಿಟ್ಟು, ಮುಚ್ಚಳ ಇಲ್ಲದೆ ಫ್ರೀಜರಿನಲ್ಲಿಡಿ. ಸುತ್ತ ಥರ್ಮಾಕೋಲ್ ಇರುವುದರಿಂದ ತಂಪು ಮೇಲಿನಿಂದ ಮಾತ್ರ ಇಳಿಯುತ್ತದೆ. ಗಾಳಿ, ಕಲ್ಮಶ ಎಲ್ಲ ಕೆಳಕ್ಕೆ ತಳ್ಳಿಕೊಂಡು ಹೋಗುತ್ತದೆ. ಒಂದು ಹಗಲು ಒಂದು ರಾತ್ರಿಯ ಹೊತ್ತಿಗೆ ನೋಡುತ್ತಾ ಇರಿ. ತಳದಲ್ಲಿ ಇನ್ನೂ ನೀರು ಇರುವಾಗಲೇ ತೆಗೆದು, ನೀರು ಚೆಲ್ಲಿ. ಮೇಲಿನದ್ದು ಗಾಜು. ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ಗೆರೆ ಹಾಕಿ, ಚಾಕುವಿನ ಬೆನ್ನಿಗೆ ಮೆಲ್ಲ ತಟ್ಟಿದರೆ ನೇರ ಸೀಳುತ್ತದೆ.

ಡ್ರಿಂಕ್ ಸುರಿಯುವ ಮೊದಲು ಐಸನ್ನು ಎರಡು ನಿಮಿಷ ಹೊರಗಿಡಿ. ಮೈ ಸ್ವಲ್ಪ ಬೆವರಬೇಕು. ಸೀದಾ ಫ್ರೀಜರಿನಿಂದ ತೆಗೆದದ್ದಕ್ಕೆ ಸುರಿದರೆ ಟಪ್ ಅಂತ ಬಿರುಕು ಬಿಡುತ್ತದೆ.

ಧಾರವಾಡದ ಪಿಪೆಟ್

ಚೊಂಬಿನ ಐಸ್ ಒಣಗಿರಬೇಕು, ಲೋಟದ ಐಸ್ ಬೆವರಿರಬೇಕು. ಎರಡನ್ನೂ ಬೆರೆಸಿಕೊಳ್ಳಬೇಡ್ರಿ. ಲೋಟಕ್ಕೆ ದೊಡ್ಡದೇ ಯಾಕಂದರೆ, ಅಷ್ಟೇ ತೂಕದ ಸಣ್ಣ ತುಂಡುಗಳಿಗಿಂತ ಅದರ ಹೊರಮೈ ಕಡಿಮೆ, ಕರಗುವುದೂ ನಿಧಾನ.

ನೀರೇ ಸಾಕು

ನಿನ್ನೆ ರಾತ್ರಿ ಮಾಡಿದೆ. ಕಾಲು ಚಮಚ ಬೆಲ್ಲ, ಬಿಟರ್ಸ್ ಎರಡು ಸಲ, ಪಕ್ಕದ ಮನೆಯವರು ಕೊಟ್ಟ ಹೇರಳೆ ಸಿಪ್ಪೆ. ಸಿಹಿ ಗೊತ್ತಾಗಲಿಲ್ಲ, ಕಿಟ್ಟಿ ಅವರು ಹೇಳಿದ್ದು ನಿಜ. ನನ್ನ ದಿನದ ಪೆಗ್ಗಿಗೆ ನಾನು ನೀರನ್ನೇ ಹಾಕುತ್ತೇನೆ. ಆದರೆ ಸಕ್ಕರೆ ಸುರಿಯುವುದು ಒಪ್ಪಿಗೆ ಇಲ್ಲ ಅಂದಿದ್ದೆನಲ್ಲ, ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ತಿಪಟೂರು ತೆಂಗು

ಎಲ್ಲರಿಗೂ ಮತ್ತೆ ನಮಸ್ಕಾರ. ಮೊನ್ನೆ ಶನಿವಾರ ಆಯ್ತು.

ಡಾಕ್ಟರನ್ನು ಕೇಳಿದೆವು. ಊಟದ ಜೊತೆ ಒಂದು ಸರಿ ಎಂದರು. ಅಮ್ಮ ಮುದ್ದೆ, ನಾಟಿ ಕೋಳಿ ಸಾರು ಮಾಡಿದ್ದರು. ನಾನು ಅಡುಗೆಮನೆ ಕಟ್ಟೆಯ ಮೇಲೆ ಚೊಂಬು, ಜಾಲರಿ, ಸಿರಪ್ಪಿನ ಮುಚ್ಚಳ ಎಲ್ಲ ಸಾಲಾಗಿ ಇಟ್ಟುಕೊಂಡೆ. ಅಪ್ಪ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಏನೂ ಕೇಳಲಿಲ್ಲ. ಕಾಲು ಚಮಚ ಜೋನಿ ಬೆಲ್ಲ, ಅಂಗೋಸ್ಟುರಾ ಎರಡು ಸಲ, 60 ಅಮೃತ್. ಮನಸ್ಸಿನಲ್ಲೇ ಮೂವತ್ತು ಎಣಿಸುತ್ತಾ ಕಲಕಿದೆ. ಚೊಂಬಿಗೆ ಮಂಜು ಕಟ್ಟಿತು.

ಲೋಟಕ್ಕೆ ಸೋಸಿದೆ. ಐಸ್ ಇನ್ನೂ ತಟ್ಟೆಯಲ್ಲಿ ಬೆವರುತ್ತಿತ್ತು, ಲೋಟದಲ್ಲಿ ಬರೀ ಡ್ರಿಂಕ್ ಇತ್ತು. ಅಪ್ಪ ಒಳಗೆ ಬಂದರು. ಲೋಟ ಎತ್ತಿ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದರು. ಅಭ್ಯಾಸದ ಹಾಗೆ ಹೊರಗಿನಿಂದ ಬೆರಳಿಟ್ಟರು. ಒಂದು, ಎರಡು, ಮೂರು.

‘ನೀರು ಹಾಕಿದ್ದು ನಾನು ನೋಡಲೇ ಇಲ್ಲವಲ್ಲ?’ ಎಂದರು.

ಐಸಿನಿಂದ ಬಂತು ಅಂದೆ. ಮೇಷ್ಟ್ರು ಕೊಟ್ಟ ಲೆಕ್ಕ ಪೂರ್ತಿ ಹೇಳಿದೆ, 28.5 ಮತ್ತು 30. ಅವರು ಅಲ್ಲೇ ಇದ್ದ ಹಾಲಿನ ಲೆಕ್ಕದ ಚೀಟಿಯ ಹಿಂದೆ ಪೆನ್ನಿನಲ್ಲಿ ಭಾಗಾಕಾರ ಮಾಡಿ ನೋಡಿದರು. ಸರಿಯಾಗಿದೆ ಎಂದರು. ಆಮೇಲೆ ಐಸ್ ಬಿಟ್ಟು, ಸಿಪ್ಪೆ ಹಿಂಡಿ ಕೊಟ್ಟೆ. ಮುಕ್ಕಾಲು ಗಂಟೆ ಕುಡಿದರು. ಐಸ್ ಇನ್ನೂ ನಿಂಬೆಹಣ್ಣಿನಷ್ಟು ಉಳಿದಿತ್ತು, ಅದನ್ನು ಮೊಮ್ಮಗಳಿಗೆ ತೋರಿಸಿ, ನೋಡು ಗಾಜಿನ ಹಾಗಿದೆ ಅಂದರು.

ಶನಿವಾರ ಒಂದು ಅನ್ನುವ ಅವರ ಲೆಕ್ಕ ಬದಲಾಗಿಲ್ಲ. ಇವತ್ತು ಬೆಳಿಗ್ಗೆ ಫೋನ್ ಮಾಡಿ, ಆ ಥರ್ಮಾಕೋಲ್ ಡಬ್ಬಕ್ಕೆ ಶುಕ್ರವಾರ ಎಷ್ಟು ಗಂಟೆಗೆ ನೀರು ತುಂಬಬೇಕು ಎಂದು ಕೇಳಿದರು.